ಏಳೇ ಮಾರಾಯ್ತಿ

ಕಾಗದನಗರ, ಭದ್ರಾವತಿ
18 ನವೆಂಬರ್ 2024

ರಂಜಿನಿ,

ಗಾಡಿಯೊಳಗೆ ನಿನ್ನ ಗಂಡ ಮಲ್ಲಿಕ್ ಕಿವಿ ಯಾವಾಗಲೂ ಮಾರು ದೂರದಲ್ಲೇ ಇರುತ್ತದೆ, ವಾಯ್ಸ್ ಮೆಸೇಜ್ ಬೇಡ, ಕಾಗದ ಬರೆದು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸು ಅಂದೆಯಲ್ಲ, ಇಗೋ ತಗೋ. ನನಗೂ ಇದೇ ಅನುಕೂಲ. ನಾನು ಬಾಯಿ ತೆರೆದರೆ ಮಗು ಏಳುತ್ತದೆ. ಹೆಸರಿಡುವಾಗಲೇ ಎಡವಿದೆವು ಕಣೇ. ಸುಘೋಷ! ಘೋಷವೇನೋ ದಿನವಿಡೀ ಇದೆ, ‘ಸು’ ಇನ್ನೂ ಹುಟ್ಟಬೇಕು.

ಬೆಳಿಗ್ಗೆ ನೀವು ಶಿವಮೊಗ್ಗದಿಂದ ಹೊರಟ ಫೋಟೋ ನೋಡಿದೆ. ನೀನು ಕಪ್ಪು ಕನ್ನಡಕ ಹಾಕಿಕೊಂಡು ಗಾಡಿಯ ಬಾಗಿಲಲ್ಲಿ ನಿಂತಿದ್ದೀಯ. ನಿನ್ನ ಗಂಡ ನಿನ್ನ ಹೆಗಲ ಮೇಲೆ ಕೈ ಹಾಕಿದ್ದಾನೆ. ಹಿಂದೆ ಸ್ಟೇರಿಂಗ್ ಹಿಡಿದು ನನ್ನ ಗಂಡ ನಗುತ್ತಿದ್ದಾರೆ. ಅವರ ಅಷ್ಟೂ ಹಲ್ಲನ್ನು ನಾನು ಮದುವೆಯ ಆಲ್ಬಮ್ಮಿನಲ್ಲಿ ಮಾತ್ರ ನೋಡಿದ್ದು.

ಸುತ್ತಿ ಬಳಸುವುದು ಬೇಡ. ನನಗೆ ಹೊಟ್ಟೆಕಿಚ್ಚು. ಆ ಗಾಡಿ ಯಾವುದೋ ಶಾಲೆಯ ಹಳೇ ಬಸ್ಸಾಗಿ ಇವರ ಬಾಡಿ ಕಟ್ಟುವ ಶೆಡ್ಡಿಗೆ ಬಂದಾಗ ನಾನು ಬಸುರಿ. ಇವರು ಅಲ್ಲಿ ಸೀಟು ಕಿತ್ತು ಮಂಚ ಕೂರಿಸಿದರು, ಒಲೆಗೊಂದು ಕಟ್ಟೆ ಮಾಡಿದರು, ನೆತ್ತಿಯ ಮೇಲೆ ನೀರಿನ ಟ್ಯಾಂಕ್ ಇಟ್ಟರು. ನಾನು ಇಲ್ಲಿ ಕೂತು ಪರದೆ ಹೊಲಿದೆ. ಕಾಲೇಜಿನಲ್ಲಿ ಉಡುತ್ತಿದ್ದ ಹಸಿರು ಗಿಳಿಗಳ ಸೀರೆ ನೆನಪಿದೆಯಲ್ಲ, ಅದರಲ್ಲಿ ಅರ್ಧ ಕತ್ತರಿಸಿದ್ದು. “ಮೊದಲ ಟ್ರಿಪ್ಪು ನಮ್ದೇ” ಅಂದಿದ್ದರು ಇವರು. ಈಗ ನನ್ನ ಗಿಳಿಗಳು ನನಗಿಂತ ಮೊದಲು ಸಮುದ್ರ ನೋಡುತ್ತವೆ.

ಕನ್ನಡಕದ ಅಂಗಡಿಯ ನಿನ್ನ ಗಂಡನಿಗೆ ಅಷ್ಟುದ್ದದ ಗಾಡಿ ಓಡಿಸಲು ಧೈರ್ಯವಿಲ್ಲ, ಅದಕ್ಕೆ ಇವರೂ ಜೊತೆಗೆ! “ಹತ್ತೇ ದಿನ. ಹಿಡಿಸಿದ್ರೆ ಅವ್ರೇ ಕೊಂಡ್ಕೊತಾರೆ. ಮಾರೋದೋ ಬೇಡ್ವೋ ನೀನೇ ಹೇಳು” ಅಂದು ಹೊರಟರು. ನಾನು ಇವತ್ತೇ ಹೇಳುತ್ತೇನೆ. ಕೊಂಡುಬಿಡಿ. ಗಾಡಿಯನ್ನು ನೀನಿಟ್ಟುಕೊಂಡು ನನ್ನ ಗಂಡನನ್ನು ವಾಪಸ್ ಕಳಿಸು.

ಇಲ್ಲಿ ಅತ್ತೆ ಮಾಸ್ತಮ್ಮ, ನಾನು, ಮಗು. ಕಾಗದದ ಮಿಲ್ಲಿನ ಸೈರನ್ ನಿಂತು ವರ್ಷಗಳಾದರೂ ಅತ್ತೆ ಆ ಇಲ್ಲದ ಸೈರನ್ನಿಗೇ ಏಳುತ್ತಾರೆ. ಎದ್ದವರು ನೇರ ಚಾವಣಿ ನೋಡುತ್ತಾರೆ. “ಒಂದು ಜೋಲಿ ಕಟ್ಟೋಕೆ ಕೊಂಡಿ ಇಲ್ಲದ್ದು ಒಂದು ಮನೇನಾ? ಕ್ವಾಟ್ರಸ್ ಕಟ್ಟಿದ ಇಂಜಿನಿಯರ್ ಹೆಂಡ್ತಿ ಹಡೀಲೇ ಇಲ್ವಾ?” ಇರುವ ಒಂದೇ ಕೊಂಡಿಯಲ್ಲಿ ಫ್ಯಾನ್ ತಿರುಗುತ್ತಿದೆ. ಸ್ಟ್ಯಾಂಡಿನ ತೊಟ್ಟಿಲಿಗೆ ಹಾಕಿದರೆ ಮಗು ಒಲ್ಲೆ ಅನ್ನುತ್ತದೆ. ಹಾಗಾಗಿ ಜೋಲಿ, ತೊಟ್ಟಿಲು, ಮಂಚ ಎಲ್ಲಾ ನನ್ನ ತೊಡೆಯೇ.

ಎಚ್ಚರವಾಗಿಯೇ ಇರುವ
ಇಂಪನಾ

•

ಕುಂಸಿ
20 ನವೆಂಬರ್

ಇಂಪೂ,

ನಿನ್ನ ಹೊಟ್ಟೆಕಿಚ್ಚನ್ನು ಒಂದಿಷ್ಟು ಈ ಕಡೆ ಕಳಿಸು ಮಾರಾಯ್ತಿ, ಹಾಸಿಗೆ ಒಣಗಿಸಬೇಕು.

ನಗಬೇಡ. ಲೋಕ ಸುತ್ತಲು ಹೊರಟವರು ಇನ್ನೂ ಕುಂಸಿಯಲ್ಲೇ ಇದ್ದೇವೆ. ಊರು ಮುಟ್ಟುವ ಮೊದಲೇ ನೆತ್ತಿಯ ಮೇಲಿನ ಟ್ಯಾಂಕಿನ ಪೈಪು ಕಳಚಿ, ಅಷ್ಟೂ ನೀರು ಮಂಚದ ಮೇಲೆ ಅಭಿಷೇಕವಾಯಿತು. ರಸ್ತೆ ಬದಿಯ ಕಣದಲ್ಲಿ ಒಬ್ಬರು ಮೆಕ್ಕೆಜೋಳ ಒಣಹಾಕಿದ್ದರು. ಅವರನ್ನು ಕಾಡಿಬೇಡಿ ಜೋಳದ ಪಕ್ಕ ನಮ್ಮ ಹಾಸಿಗೆಯನ್ನೂ ಹರಡಿದೆವು. ನಿನ್ನ ಗಿಳಿಗಳೂ ಒದ್ದೆಯಾಗಿವೆ. ಹಿಂಡಿ ಹಗ್ಗಕ್ಕೆ ಹಾಕಿದ್ದೇನೆ, ಬೈಯಬೇಡ.

ಅಷ್ಟರಲ್ಲಿ ನಾಲ್ಕಾರು ಅಜ್ಜಿಯರು ಬಂದು ಗಾಡಿಯ ಮುಂದೆ ಸಾಲಾಗಿ ಕೂತರು. ಯಾಕೆ ಅಂತ ಗೊತ್ತಾಗಲಿಲ್ಲ. ಬಿಳಿ ಗಾಡಿ, ಒಳಗೆ ಮಂಚ, ಬಾಗಿಲಲ್ಲಿ ಕನ್ನಡಕದವನು. ಕಣ್ಣಿನ ಕ್ಯಾಂಪು ಅಂದುಕೊಂಡಿದ್ದಾರೆ! ಮಲ್ಲಿಕ್ “ಅಜ್ಜಿ, ಇದು ಆಸ್ಪತ್ರೆ ಗಾಡಿ ಅಲ್ಲ, ಮನೆ ಗಾಡಿ” ಅಂದ. ಒಬ್ಬ ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ಕೇಳಿತು, “ಮನೇನ ಯಾಕಪ್ಪಾ ಊರೂರು ಮೆರುಸ್ತೀರಿ? ದೇವ್ರಾ ಅದು?” ಕೊನೆಗೆ ಮಲ್ಲಿಕ್ ಮೆಟ್ಟಿಲ ಮೇಲೆ ಕೂತು ಎಲ್ಲರ ಕಣ್ಣನ್ನೂ ನೋಡಿಯೇ ಬಿಟ್ಟ. ನಿನ್ನ ಗಂಡ ಟೋಕನ್ ಕೊಡುವವರ ಹಾಗೆ ಹೆಸರು ಕೂಗುತ್ತಿದ್ದರು.

ಒಂದೇ ತಕರಾರು. ಮಂಚದ ಮೇಲೆ ಚಾವಣಿಯಿಂದ ಒಂದು ಕಬ್ಬಿಣದ ಕೊಂಡಿ ಇಳಿಬಿಟ್ಟಿದೆ. ಬಹಳ ತಗ್ಗು. ಎದ್ದು ಕೂತರೆ ಹಣೆಗೇ ಬಡಿಯುತ್ತದೆ. ಮಲ್ಲಿಕ್ ಹಣೆ ಆಗಲೇ ಊದಿದೆ. ಕೊಯ್ದುಬಿಡಿ ಅಂದರೆ ಯೋಗರಾಜ್ “ಅದೊಂದು ಇರ್ಲಿ” ಅಂದರು. ಸದ್ಯ ಬಾಳೆಗೊನೆ ತೂಗುಹಾಕಿದ್ದೇವೆ.

ಒದ್ದೆ ಮುದ್ದೆಯಾದ
ರಂಜಿನಿ

•

ಕಾಗದನಗರ
23 ನವೆಂಬರ್

ರಂಜಿನಿ,

ಅಜ್ಜಿಯರ ಕತೆ ಅತ್ತೆಗೆ ಹೇಳಿದೆ. ಅವರು ನಕ್ಕರು, ನಗುವಿಗೆ ಮಗು ಎದ್ದಿತು. ನಿನ್ನ ಕಾಗದದ ಬೆಲೆ ಅಷ್ಟು.

ಇವರು ಹೆಸರು ಕೂಗುತ್ತಿದ್ದರಾ? ಮಗುವಿನ ಲಸಿಕೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಸಾಲಿನಲ್ಲಿ ನಿಲ್ಲಲಿಕ್ಕೇ ಬೇಸರ ಪಟ್ಟುಕೊಂಡ ಮನುಷ್ಯ. ನಿಮ್ಮ ಜೊತೆ ಏನೇನು ತಿನ್ನುತ್ತಾರೆ? ನೆನ್ನೆ ನೀನು ಹಾಕಿದ ಫೋಟೋದಲ್ಲಿ ಅವರ ತಟ್ಟೆಯಲ್ಲಿ ಉಪ್ಪಿಟ್ಟು ಕಂಡಿತು. ನಮ್ಮ ಮನೆಯಲ್ಲಿ ಉಪ್ಪಿಟ್ಟು ಮಾಡಿದ ದಿನ ಅವರಿಗೆ ಹಸಿವೇ ಇರುವುದಿಲ್ಲ.

ಮಗುವಿಗೆ ಎರಡು ದಿನ ಮೈ ಬೆಚ್ಚಗಿತ್ತು. ಈಗ ಪರವಾಗಿಲ್ಲ. ಇವರಿಗೆ ಹೇಳಲು ಫೋನ್ ಮಾಡಿದೆ. “ಹೇಗಿದಾನೆ?” ಅಂದರು. ನಾನು ಹೇಳತೊಡಗಿದೆ, ಆ ಕಡೆ “ಹಲೋ, ಹಲೋ” ಅಂತ ಗಾಳಿ. ಆಮೇಲೆ ನೀನು ಸ್ಟೇಟಸ್ಸಿಗೆ ಹಾಕಿದ ವಿಡಿಯೋ ಬಂತು. ನೆಟ್‌ವರ್ಕ್ ನಿನಗೆ ಮಾತ್ರ ಒಲಿಯುತ್ತದೋ ಏನೋ.

ಇವರು ಶೆಡ್ಡಿನಲ್ಲಿರುವಾಗಲೂ ಅಷ್ಟೇ, ಆ ಗಾಡಿಯ ಹೊಟ್ಟೆಯ ಕೆಳಗೆ ಮಲಗಿಕೊಂಡು ಅದಕ್ಕೆ ಏನು ಬೇಕು ಏನು ಬೇಡ ಅಂತ ವಿಚಾರಿಸುತ್ತಿದ್ದರು. ಒಂದು ದಿನ ಸಿಟ್ಟಿಗೆ “ನಿಮ್ಮ ಡಬ್ಬಾನ ನಾನೂ ಹತ್ತಲ್ಲ, ನನ್ನ ಮಗೂನೂ ಹತ್ತಲ್ಲ” ಅಂದಿದ್ದೆ. ಮತ್ತೆ ಅದರ ಕೆಳಗೇ ಸರಿದರು.

ಕೊಂಡಿ ನಿಮಗೆ ಬಣ್ಣದ ದೀಪ ತೂಗುಹಾಕಲು ಇಟ್ಟಿರಬೇಕು. ಹೊಸ ಜೋಡಿಯ ಹಾಗೆ ಹೊರಟಿದ್ದೀರಲ್ಲ.

ಗಾಡಿ ಹಿಡಿಸಿತಾ? ಅದನ್ನು ಮೊದಲು ಬರೆ.

ಇಂಪನಾ

•

ಕುಮಟಾದ ಹತ್ತಿರ
29 ನವೆಂಬರ್

ಇಂಪೂ,

ಹಿಡಿಸಿತು. ಅದಕ್ಕೇ ಭಯ.

ಹತ್ತು ದಿನ ಅಂದಿದ್ದೆವು, ಆಗಲೇ ಮೀರಿತು, ಇನ್ನೂ ಹೋದ ದಾರಿ ಕಡಿಮೆ, ನಿಂತ ದಾರಿಯೇ ಜಾಸ್ತಿ. ಘಾಟಿ ಇಳಿಯುವಾಗ ಬ್ರೇಕು ಹೊಗೆಯಾಡಿತು. ತಿರುವಿನಲ್ಲಿ ಸಾರಿನ ಪಾತ್ರೆ ಹಾರಿ ಮಲ್ಲಿಕ್ ಮಡಿಲಲ್ಲಿ ಕೂತಿತು. ಆದರೆ ಮೊನ್ನೆ ನಡೆದದ್ದರ ಮುಂದೆ ಅದೆಲ್ಲ ಏನೂ ಅಲ್ಲ. ಒಂದು ಸಣ್ಣ ಊರಿನ ಬಾಯಲ್ಲಿ ಸ್ವಾಗತ ಕಮಾನು. ನಮ್ಮ ಮೂತಿ ದಾಟಿತು, ನೆತ್ತಿಯ ಟ್ಯಾಂಕು ದಾಟಲಿಲ್ಲ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಹಿಂದೆ ಬಸ್ಸು, ಮೀನಿನ ಗಾಡಿ, ಒಂದು ಮದುವೆ ದಿಬ್ಬಣ. ಸ್ಕೂಟರಿನವರೊಬ್ಬರು ಕಮಾನನ್ನೇ ತೋರಿಸಿ, “ಸ್ವಾಗತ ಅಂತ ಬರೆದದ್ದು ಸುಳ್ಳಲ್ಲ ನೋಡಿ, ಹಿಡಿದವರನ್ನ ಬಿಡೂದೇ ಇಲ್ಲ” ಅಂದರು. ಮದುಮಗನೂ ಇಳಿದು ಬಂದು ನೋಡಿ ಹೋದ.

ಯೋಗಿ ಗಾಡಿಯ ಕೆಳಗೆ ಹೋಗಿ ಆರೂ ಚಕ್ರದ ಗಾಳಿ ಇಳಿಸಿದರು. ಗಾಡಿ ಗೇಣುದ್ದ ಕುಸಿಯಿತು. ದಿಬ್ಬಣದವರು ಹೋ ಅಂತ ತಳ್ಳಿದರು. ಹೊರಬಂದೆವು ಸರಿ, ಆದರೆ ಗಾಳಿ ತುಂಬಿಸುವ ಅಂಗಡಿ ಮುಂದಿನ ಊರಿನಲ್ಲಿ! ಅಲ್ಲಿಯವರೆಗೆ ಮುದುಕಿಯಂತೆ ತೆವಳಿದೆವು.

ಸಂಜೆ ಸಮುದ್ರದ ದಂಡೆಗೆ ಗಾಡಿ ನಿಲ್ಲಿಸಿ ನಿನ್ನ ಪರದೆ ಸರಿಸಿದೆ. ಗಿಳಿಗಳ ನಡುವೆ ನೀರು. ಮಂಚದಲ್ಲಿ ಮಲಗಿದರೆ ಅಲೆ ಕಾಲಿನ ಹತ್ತಿರವೇ ಬಂದು ಹೋದ ಹಾಗೆ. ಸೂರ್ಯ ನೆತ್ತಿಗೆ ಬರುವವರೆಗೆ ನಿದ್ದೆ ಮಾಡಿದೆ ಕಣೇ. ಬರೆಯಬಾರದಿತ್ತೇನೋ, ಬರೆದುಬಿಟ್ಟೆ.

ರಂಜಿನಿ

•

ಕಾಗದನಗರ
3 ಡಿಸೆಂಬರ್

ರಂಜಿನಿಯವರಿಗೆ,

ಮೊದಲ ಕಾಗದದಲ್ಲಿ ‘ನಿನ್ನ ಗಂಡ’, ಅದರ ಕೊನೆಗೆ ‘ಯೋಗರಾಜ್’, ಈಗ ‘ಯೋಗಿ’. ಕಟ್ಟಿಕೊಂಡ ನಾನೇ ಇನ್ನೂ ಯೋಗಿ ಅಂದಿಲ್ಲ. ಅದನ್ನು ಓದಿಯೂ ಸುಮ್ಮನಿದ್ದೆ.

ಇವತ್ತು ಬೆಳಿಗ್ಗೆ ಇವರಿಗೆ ಫೋನ್ ಮಾಡಿದೆ. ಎತ್ತಿದರು, “ಒಂದು ನಿಮಿಷ” ಅಂದು ಎಲ್ಲೋ ಇಟ್ಟರು. ಕಟ್ ಮಾಡುವುದು ಮರೆತರು. ನಾನು ಮಗುವನ್ನು ತಟ್ಟುತ್ತಾ ಕಿವಿಗಿಟ್ಟುಕೊಂಡೇ ಇದ್ದೆ. “ಏಳೇ ಮಾರಾಯ್ತಿ, ಬೆಳಗಾಯ್ತು. ಇನ್ನೆಷ್ಟೊತ್ತು ಮಲಗ್ತೀಯ? ನಂಗೊತ್ತು ಚಳಿ ಅಂತ. ಸ್ವಲ್ಪ ಮೈ ಬಿಸಿ ಮಾಡ್ಕೋ, ಆಮೇಲೆ ಹೊರಡೋಣ.” ಅದರ ಹಿಂದೆಯೇ ನಿಮ್ಮ ನಗು. ಆ ನಗು ನನಗೆ ಗುರುತು ಸಿಗದೆ ಇರುತ್ತದಾ?

ಮದುವೆಯ ಹೊಸತರಲ್ಲಿ ಇವರು ನನ್ನನ್ನು ಎಬ್ಬಿಸುತ್ತಿದ್ದ ಮಾತು ಅದು. ಅದೇ ದನಿ. ಈಗ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ‘ಏಳೇ ಮಾರಾಯ್ತಿ’ ಅನ್ನುವುದಿಲ್ಲ. ಮಲಗಿದವರು ಯಾರಾದರೂ ಇದ್ದರೆ ತಾನೆ?

ಗಾಡಿ ನೀವೇ ಇಟ್ಟುಕೊಳ್ಳಿ. ಉಳಿದದ್ದರ ಬಗ್ಗೆ ನಾನು ಏನೂ ಕೇಳುವುದಿಲ್ಲ.

ಇಂಪನಾ

•

ಕಾಗದನಗರ
8 ಡಿಸೆಂಬರ್

ರಂಜಿನಿಯವರಿಗೆ,

ಓದಿದ್ದೀರಿ ಅಂತ ಎರಡು ನೀಲಿ ಗೀಟು ಹೇಳುತ್ತಿವೆ. ಉತ್ತರವಿಲ್ಲ. ಸ್ಟೇಟಸ್ಸೂ ಇಲ್ಲ.

ಇವರು ಫೋನ್ ಮಾಡಿದರೆ ನಾನು ಮಗುವಿನ ವರದಿ ಒಪ್ಪಿಸಿ ಇಡುತ್ತೇನೆ. ನೆನ್ನೆ “ಯಾಕೆ ಒಂಥರಾ ಮಾತಾಡ್ತೀಯ?” ಅಂದರು. “ನಿದ್ದೆ ಇಲ್ಲ” ಅಂದೆ. ಅದು ಸುಳ್ಳಲ್ಲ, ಎಲ್ಲಕ್ಕೂ ಹೊಂದುವ ಉತ್ತರ.

ತಪ್ಪು ನಿಮ್ಮದಾದರೆ ಹಾಗಂತ ಬರೆಯಿರಿ. ಅಲ್ಲದಿದ್ದರೆ ಅದನ್ನಾದರೂ ಬರೆ. ಏನೂ ಬರೆಯದೆ ಇರಬೇಡ ಕಣೇ.

ಇಂ.

•

ಬಾದಾಮಿ
10 ಡಿಸೆಂಬರ್

ಇಂಪನಾ,

ಆ ಕಾಗದ ಓದಿದಾಗ ನಾನು ಎಣ್ಣೆ ಮೆತ್ತಿದ ಕೈಯಲ್ಲಿ ಇಂಜಿನ್ನಿನ ಮುಂದೆ ನಿಂತಿದ್ದೆ. ಅವತ್ತು ಬೆಳಿಗ್ಗೆಯೂ ಅಲ್ಲೇ ನಿಂತಿದ್ದೆ, ನಕ್ಕದ್ದೂ ನಾನೇ. ಮಲ್ಲಿಕ್ ಕೂಡ ನಕ್ಕ, ಅವನ ನಗು ನಿನಗೆ ಕೇಳಿಸಲಿಲ್ಲವೋ ಏನೋ. ನಿನ್ನ ಗಂಡ ಎಬ್ಬಿಸುತ್ತಿದ್ದದ್ದು ಗಾಡಿಯನ್ನು! ಚಳಿಗೆ ಬ್ಯಾಟರಿ ಏಳುವುದಿಲ್ಲ. ದಿನಾ ಬೆಳಿಗ್ಗೆ ಬಾನೆಟ್ ತಟ್ಟಿ “ಏಳೇ ಮಾರಾಯ್ತಿ” ಅನ್ನುತ್ತಾರೆ. ಮೂರು ಸಲ ಅಂದರೆ ಏಳುತ್ತಾಳೆ. ನಾವು ನಗದೆ ಏನು ಮಾಡಬೇಕಿತ್ತು? ಯೋಗಿ ಅನ್ನುವುದು ಮಲ್ಲಿಕ್ ಇಟ್ಟ ಹೆಸರು. ನನ್ನ ಬಾಯಿಗೂ ಅಂಟಿತು.

ಇದನ್ನು ಅವತ್ತೇ ಬರೆಯಬಹುದಿತ್ತು. ಬರೆಯಲಿಲ್ಲ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವಳಿಗೆ ನಾನು ಇದನ್ನು ವಿವರಿಸಿ ಹೇಳಬೇಕಾ ಅಂತ ಕೂತುಬಿಟ್ಟೆ. ಈಗಲೂ ಪೂರ್ತಿ ಎದ್ದಿಲ್ಲ.

ಗಾಡಿಯ ಮಾತು. ಮಲ್ಲಿಕ್‌ಗೆ ಕೊಳ್ಳುವ ಮನಸ್ಸು ಗಟ್ಟಿಯಾಗಿದೆ. ಒಂದೇ ಷರತ್ತು, ಆ ಕೊಂಡಿ ಇರಕೂಡದು. ನೆನ್ನೆ ಹಣೆಗೆ ಮತ್ತೆ ಬಡಿದು ರಕ್ತ ಬಂತು. ಸಿಟ್ಟಿಗೆ ಪೇಟೆಯಿಂದ ಕಬ್ಬಿಣ ಕೊಯ್ಯುವ ಗರಗಸ ತಂದ. ನಿನ್ನ ಗಂಡ ದನಿ ಎತ್ತಿದ್ದನ್ನು ನಾನು ನೋಡಿರಲಿಲ್ಲ, ನೆನ್ನೆ ನೋಡಿದೆ. “ಗಾಡಿ ಬೇಡ ಅನ್ನಿ ಬೇಕಾದ್ರೆ. ಅದನ್ನ ಮಾತ್ರ ಮುಟ್ಟಬೇಡಿ.” ನಾನು ಆಮೇಲೆ ಮೆಲ್ಲಗೆ ಕೇಳಿದೆ, ನೀವೂ ಇಂಪನಾನೂ ಇದರಲ್ಲಿ ಯಾವಾಗ ಹೋಗುವುದು ಅಂತ. “ಅವಳು ಹತ್ತಲ್ಲ ಅಂದಿದಾಳೆ” ಅಂದರು. ಅಂದು ಹೊರಗೆ ಹೋಗಿ ಟೈರು ಒದ್ದು ನೋಡುತ್ತಾ ನಿಂತರು, ಗಾಳಿ ಸರಿಯಾಗಿಯೇ ಇತ್ತು.

ವಾರದೊಳಗೆ ಶಿವಮೊಗ್ಗಕ್ಕೆ ಬರುತ್ತೇವೆ. ಮಾರುವುದೋ ಬೇಡವೋ ನಿನ್ನ ಬಾಯಿಂದಲೇ ಬರಬೇಕಂತೆ. ಬೇಗ ಬರೆ.

ರಂಜಿನಿ

•

ಕಾಗದನಗರ
13 ಡಿಸೆಂಬರ್

ರಂಜಿನಿ,

ಈ ಕಾಗದದ ತಲೆಯಲ್ಲಿ ‘ಕ್ಷಮಿಸು’ ಅಂತ ಬರೆದು ಹೊಡೆದುಹಾಕಿದ್ದೇನೆ. ಫೋಟೋದಲ್ಲಿ ಕಾಣುತ್ತದೆ. ಹೊಡೆದದ್ದು ಚೆಂದ ಕಾಣಲಿಲ್ಲವೆಂದು, ಮನಸ್ಸಿಲ್ಲವೆಂದಲ್ಲ.

ಗಾಡಿಯ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಯಾರೂ ಏನೂ ಅನ್ನುವುದಿಲ್ಲ ತಾನೆ? ಅದು ಹಾಗೇ ಇದೆ. ಮೂರು ಸಲ ಕರೆದರೆ ಏಳುವವಳಿಗೆ ಅಷ್ಟು ಉಪಚಾರ. ಕರೆಯದೆಯೇ ಏಳುವವಳು ನಾನು.

ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಬೈದ ಭಾಗ ಬಿಟ್ಟು. ಕೊಂಡಿಯ ಜಗಳ ಬಂದಾಗ ಅವರು ಅವರೆಕಾಯಿ ಸುಲಿಯುತ್ತಿದ್ದ ಕೈ ನಿಲ್ಲಿಸಿದರು.

“ಮಂಚದ ಮೇಲೇನಾ ಐತೆ ಆ ಕೊಂಡಿ?”

“ಹೂಂ ಅತ್ತೆ. ತುಂಬಾ ತಗ್ಗಂತೆ. ತಲೆಗೆ ಬಡಿಯುತ್ತಂತೆ.”

“ಅಯ್ಯೋ ದಡ್ಡೀರಾ! ಅದು ಜೋಲಿ ಕೊಂಡಿ ಕಣ್ರೇ. ಡಿಗ್ರಿ ಓದಿದ್ದು ಇಬ್ರೂ. ಬಾಳೆಗೊನೆ ಹಾಕಿದ್ರಂತೆ, ದೀಪ ಹಾಕ್ತಾರಂತೆ!”

ನೀನು ನನ್ನನ್ನು ನೋಡಬೇಕಿತ್ತು. ಅತ್ತೆ ನಿಲ್ಲಿಸಲಿಲ್ಲ. ನಾನು ಏಳು ತಿಂಗಳ ಬಸುರಿ ಇದ್ದಾಗ ಇವರು ಒಂದು ದಿನ ಅಮ್ಮನ ಮುಂದೆ ಕೂತು ಕೇಳಿದ್ದರಂತೆ, ಜೋಲಿ ಎಷ್ಟೆತ್ತರ ಇರಬೇಕಮ್ಮ ಅಂತ. ಕೂತವಳು ತೂಗೋ ಹಾಗೆ ಇರಬೇಕು ಕಣೋ, ಕೈಗೆ ಎಟುಕೋ ಹಾಗೆ, ಅಂದಿದ್ದರಂತೆ ಅತ್ತೆ. ಮಗ ಮತ್ತೆ ಕೇಳಿದರಂತೆ, “ಮಲಗಿದವಳ ಕೈಗೂ ಸಿಗೋ ಹಾಗೆ ಮಾಡಿದ್ರೆ?”

ಅದಕ್ಕೇ ತಗ್ಗು, ರಂಜಿನಿ.

ನನಗೆ ಹೇಳಬಹುದಿತ್ತಲ್ಲ ಅಂತ ಸಿಟ್ಟು ಬಂತು. ಗಾಡಿಗೆ ದಿನಾ ಅಷ್ಟು ಮಾತು ಹೇಳುವ ಬಾಯಿ. ಆಮೇಲೆ ಹತ್ತಲ್ಲ ಅಂದವಳು ನಾನೇ ಅಂತ ನೆನಪಾಯಿತು.

ಗಾಡಿ ಮಾರುವುದಿಲ್ಲ. ಮಲ್ಲಿಕ್‌ಗೆ ನೀನೇ ಹೇಳು. ಇವರಿಗೆ ನಾನು ಹೇಳುತ್ತೇನೆ, ಎದುರಿಗೆ. ಅಲ್ಲಿಯವರೆಗೆ ಕೊಂಡಿಯ ವಿಷಯ ನೀನು ಬಾಯಿ ಬಿಡಬೇಡ.

ಇಂಪನಾ

•

ಮಲವಗೊಪ್ಪ, ರಸ್ತೆ ಬದಿ
16 ಡಿಸೆಂಬರ್

ರಂಜಿ,

ಎಲ್ಲಿಂದ ಬರೆಯುತ್ತಿದ್ದೇನೆ ಗೊತ್ತಾ? ನಿನ್ನ ಮಂಚದಿಂದ. ತಪ್ಪಾಯಿತು, ನನ್ನ ಮಂಚದಿಂದ.

ನನ್ನನ್ನು ನೋಡಲೆಂದೇ ಶಿವಮೊಗ್ಗದಲ್ಲಿ ಇಳಿಯದೆ ಭದ್ರಾವತಿ ಕಡೆ ಬರುತ್ತಿದ್ದಿರಂತೆ. ಮಲವಗೊಪ್ಪ ದಾಟುವ ಮೊದಲು ಕ್ಲಚ್ ಕೇಬಲ್ ತುಂಡಾಯಿತಂತೆ. ಇವರು ಫೋನ್ ಮಾಡಿ “ಲೇಟಾಗುತ್ತೆ” ಅಂದಾಗ ನಾನು “ಅಲ್ಲೇ ಇರಿ” ಅಂದೆ. ಅತ್ತೆ ಬರಲಿಲ್ಲ. “ನೀವು ಹೋಗಿ, ನಾನು ಇವತ್ತಾದ್ರೂ ಕಣ್ಣು ಮುಚ್ತೀನಿ” ಅಂದು ಬಾಗಿಲು ಹಾಕಿಕೊಂಡರು. ಆಟೋದಲ್ಲಿ ಮಗು ದಾರಿಯುದ್ದಕ್ಕೂ ಘೋಷ. “ಅಕ್ಕಾ, ಹಾರನ್ನೇ ಬೇಕಾಗಿಲ್ಲ ಇವತ್ತು” ಅಂದ ಆಟೋದವನು.

ಬಂದರೆ ನೀನಿಲ್ಲ. ಆಗಷ್ಟೇ ಮಲ್ಲಿಕ್ ಜೊತೆ ಸಿಟಿ ಬಸ್ ಹತ್ತಿದೆಯಂತೆ. ಸ್ವಲ್ಪ ಕಾಯಬಹುದಿತ್ತು. ಇವರನ್ನು ಕೇಳಿದರೆ, “‘ಇದು ಅವಳ ಸರದಿ’ ಅಂದ್ರು, ಹೋದ್ರು” ಅಂದರು. ಪೂರ್ತಿ ಎದ್ದಿಲ್ಲ ಅಂತ ಬರೆದಿದ್ದೆಯಲ್ಲ, ಅದೂ ನೆನಪಾಯಿತು.

ಗಾಡಿಯ ಬಿಳಿ ಬಣ್ಣ ಕಮಾನಿಗೆ ಉಜ್ಜಿ ಒಳಗಿನ ಹಳದಿ ಕಾಣುತ್ತಿದೆ, ಹಳೇ ‘ಶಾಲಾ’ ಅನ್ನುವ ಅಕ್ಷರ ಇಣುಕುತ್ತಿದೆ. ಪರದೆಯಲ್ಲಿ ಒಣಮೀನಿನ ವಾಸನೆ. ನೀನು ಹಿಂಡಿದ್ದಕ್ಕೆ ಒಂದು ಗಿಳಿಯ ಬಣ್ಣ ಇನ್ನೊಂದಕ್ಕೆ ಬಿಟ್ಟಿದೆ. ಮೆಟ್ಟಿಲ ಮೇಲೆ ಕಾಲಿಟ್ಟಾಗ ಇವರು ಕೈಯಲ್ಲಿ ಸ್ಪ್ಯಾನರ್ ಹಿಡಿದು ನೋಡುತ್ತಿದ್ದರು. ನಾನು ಚೀಲದಿಂದ ಆ ಸೀರೆಯ ಉಳಿದರ್ಧ ತೆಗೆದೆ.

“ಕಟ್ಟಿಕೊಡಿ” ಅಂದೆ. “ಮಾರಲ್ಲ ಇದನ್ನ.”

ಇವರು ಸ್ಪ್ಯಾನರ್ ಕೆಳಗಿಟ್ಟು ಕೈಯನ್ನು ಎಷ್ಟು ಹೊತ್ತು ಒರೆಸಿಕೊಂಡರು ಅಂದರೆ, ಇನ್ನು ಕಟ್ಟುವುದೇ ಇಲ್ಲವೇನೋ ಅನ್ನಿಸಿತು. ಕಟ್ಟಲು ಹೋದಾಗ ನೋಡಿದೆ. ಬಾಳೆಗೊನೆ ಇಲ್ಲ. ಕೊಂಡಿಗೆ ನಿನ್ನ ನೀಲಿ ದುಪಟ್ಟಾದ ತುಂಡು ಸುತ್ತಿದೆ, ಕಬ್ಬಿಣ ಸೀರೆಯನ್ನು ತಿನ್ನದ ಹಾಗೆ, ಬಿಗಿಯಾಗಿ. ನಾನು ಏನೂ ಬರೆಯುವುದಿಲ್ಲ ಅದರ ಬಗ್ಗೆ. ನೋಡಿದೆ, ಅಷ್ಟೆ.

ಮಗುವನ್ನು ಜೋಲಿಗೆ ಹಾಕಿದೆ. ಒಂದು ಸಲ ಕಿರುಚಿತು, ಎರಡನೆಯದಕ್ಕೆ ಆಕಳಿಸಿತು. ತೂಗುತ್ತಾ ತೂಗುತ್ತಾ ನಾನೂ ಮಲಗಿದೆ. ಕೈ ನಿಜವಾಗಿಯೂ ಎಟುಕುತ್ತದೆ ಕಣೇ. ಹೊರಗೆ ಲಾರಿಗಳು ಹೋಗುತ್ತಿದ್ದವು. ಪ್ರತಿ ಲಾರಿಗೂ ಗಾಡಿ ಸ್ವಲ್ಪ ಅಲ್ಲಾಡುತ್ತಿತ್ತು, ಆಮೇಲೆ ತೂಗಲು ನಾನೂ ಬೇಕಾಗಲಿಲ್ಲ.

ಎಚ್ಚರವಾದಾಗ ಪರದೆಯ ಮೇಲೆ ಬಿಸಿಲು ಆ ಕಡೆಯಿಂದ ಈ ಕಡೆಗೆ ಬಂದಿತ್ತು. ಗಾಡಿ ಯಾವಾಗಲೋ ರಿಪೇರಿಯಾಗಿತ್ತಂತೆ. ಸ್ಟಾರ್ಟ್ ಮಾಡಿದರೆ ಎದ್ದುಬಿಡುತ್ತೇವೆ ಅಂತ ಇವರು ಹೊರಗೆ ಬೇಲಿಯ ಪಕ್ಕ ಕೂತೇ ಇದ್ದರು. ಕಡೆಗೆ ಒಳಗೆ ಬಂದು, ದನಿ ತಗ್ಗಿಸಿ, “ಏಳೇ ಮಾರಾಯ್ತಿ” ಅಂದರು.

ನಾನು ಕಣ್ಣು ತೆರೆಯದೆ ಕೇಳಿದೆ, “ಯಾರನ್ನ? ನನ್ನನ್ನೋ, ಗಾಡೀನೋ?”

“ಯಾರು ಮೊದಲು ಎದ್ರೆ ಅವ್ರನ್ನ.”

ಗಾಡಿಯೇ ಏಳಲಿ ಅಂತ ನಾನು ಮಗ್ಗುಲು ಬದಲಿಸಿದೆ. ಇವರು ಟೀ ಕುಡಿಯಲು ಹೋಗಿದ್ದಾರೆ, ಮಗು ಇನ್ನೂ ಎದ್ದಿಲ್ಲ, ನಾನು ಮಲಗಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಒಂದು ಕೈಯಲ್ಲಿ ಪೆನ್ನು, ಒಂದು ಕೈಯಲ್ಲಿ ಜೋಲಿ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ಇದನ್ನೆಲ್ಲ ನೀನು ಹೊಟ್ಟೆ ಉರಿದುಕೊಳ್ಳಲಿ ಅಂತಲೇ ಬರೆದೆ. ಚೆನ್ನಾಗಿ ಉರ್ಕೋ. ಉರಿದು ಮುಗಿದ ಮೇಲೆ ಬಾ, ಉಪ್ಪಿಟ್ಟು ಮಾಡುತ್ತೇನೆ.

ನಿದ್ದೆ ಮಾಡಿದ
ಇಂಪನಾ